ನಿಂತಾಗ ಮಾತ್ರ ಹೀಟ್ ಆಗುವ ಕಾರು: ದೋಷ ಎಲ್ಲಿದೆ ಎಂದು ಹುಡುಕುವ ದಾರಿ

ಭಾನುವಾರ ಬೆಳಿಗ್ಗೆ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆ ಹೊರಟರೆ ಗೊತ್ತಲ್ಲ, ಬರೀ ಗಾಡಿಗಳ ಸಾಲು. ಎರಡು ಹೆಜ್ಜೆ ಮುಂದೆ, ಐದು ನಿಮಿಷ ನಿಲ್ಲು. ಊರಿಂದ ಅಲ್ಲಿಯವರೆಗೆ ತಕರಾರಿಲ್ಲದೆ ಬಂದ ಕಾರಿನ ಟೆಂಪರೇಚರ್ ಮುಳ್ಳು ಆ ಸಾಲಿನಲ್ಲಿ ನಿಧಾನಕ್ಕೆ ಮೇಲೇರುತ್ತದೆ. ಹಾಸನಾಂಬೆ ದರ್ಶನದ ದಿನಗಳಲ್ಲಿ ಹಾಸನದ ಬಿ.ಎಂ. ರಸ್ತೆಯಲ್ಲೂ ಇದೇ ಕಥೆ. ಶಿರಾಡಿಯಲ್ಲಿ ಒಂದು ಲಾರಿ ಅಡ್ಡ ನಿಂತರಂತೂ ಹೇಳುವುದೇ ಬೇಡ.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಬರುವ ಮೊದಲ ಮಾತು "ವಾಲ್ವ್ ತೆಗೆದ್ಬಿಡ್ಲಾ ಅಣ್ಣಾ?" ಎರಡನೆಯದು "ರೇಡಿಯೇಟರ್ ಬದಲಾಯಿಸ್ಬೇಕು." ವಾಲ್ವ್ ಅಂದರೆ ಥರ್ಮೋಸ್ಟಾಟ್, ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ರೇಡಿಯೇಟರ್ ಅಂದರೆ ಆ ನೀರನ್ನು ಗಾಳಿಗೆ ತಣ್ಣಗೆ ಮಾಡುವ ಜಾಲರಿ. ಈ ಎರಡು ಮಾತಿಗೂ ಹೂಂ ಅನ್ನುವ ಮೊದಲು ಒಂದು ವಿಷಯ ಗಮನಿಸಿ. ಗಾಡಿ ಯಾವಾಗ ಹೀಟ್ ಆಗುತ್ತದೆ? ಅರ್ಧ ಉತ್ತರ ಅದರಲ್ಲೇ ಇದೆ.

ಓಡುವ ಗಾಡಿಯಲ್ಲಿ ರೇಡಿಯೇಟರಿಗೆ ಎದುರುಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತ ಗಾಡಿಗೆ ಆ ಗಾಳಿ ಇಲ್ಲ. ಆಗ ಫ್ಯಾನ್ ಒಂದೇ ಗತಿ. ಹಾಗಾಗಿ ನಿಂತಾಗ ಬಿಸಿಯಾಗಿ, ಮೂರನೇ ಗೇರಿನಲ್ಲಿ ಸ್ವಲ್ಪ ದೂರ ಓಡಿಸಿದ ಕೂಡಲೇ ಮುಳ್ಳು ಇಳಿದರೆ ಅನುಮಾನ ಮೊದಲು ಫ್ಯಾನ್ ಮತ್ತು ಗಾಳಿಯ ದಾರಿಯ ಮೇಲೆ ಹೋಗಬೇಕು. ಚಾರ್ಮಾಡಿ ಹತ್ತುವಾಗಲೂ ಬಿಸಿ, ನಿಂತಾಗಲೂ ಬಿಸಿ ಅಂದರೆ ನೀರಿನ ದಾರಿ ನೋಡಬೇಕು. ಇವೆರಡನ್ನು ಬೇರೆ ಮಾಡಿ ನೋಡದೆ ಪಾರ್ಟು ಬದಲಾಯಿಸುತ್ತಾ ಹೋದರೆ ದುಡ್ಡು ದಂಡ.

ಮುಳ್ಳು ಏರುತ್ತಿದೆ, ಈಗ ಏನು ಮಾಡುವುದು?

ಕೆಂಪು ಗೆರೆ ಇನ್ನೂ ಮುಟ್ಟಿಲ್ಲ, ಹೊಗೆ ಇಲ್ಲ ಅಂದರೆ ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋಯರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಹೀಟರ್ ಒಂದು ಚಿಕ್ಕ ರೇಡಿಯೇಟರ್ ಇದ್ದ ಹಾಗೆಯೇ, ಎಂಜಿನ್ನಿನ ಬಿಸಿಯನ್ನು ಒಂದಷ್ಟು ಎಳೆದು ಹೊರಗೆ ಹಾಕುತ್ತದೆ. ನ್ಯೂಟ್ರಲ್‌ನಲ್ಲಿ ಎಕ್ಸಿಲರೇಟರನ್ನು ಸ್ವಲ್ಪ ಒತ್ತಿ 1500ರ ಆಸುಪಾಸು ಆರ್‌ಪಿಎಂ ಹಿಡಿದರೆ ವಾಟರ್ ಪಂಪ್ ನೀರನ್ನು ಜೋರಾಗಿ ಸುತ್ತಿಸುತ್ತದೆ. ಮುಳ್ಳು ಇಳಿದರೆ ಹಾಗೇ ಸಾಗಿ ಜಾಗ ಸಿಕ್ಕಿದ ಕಡೆ ಪಕ್ಕಕ್ಕೆ ಹಾಕಿ.

ಮುಳ್ಳು ಕೆಂಪಿಗೆ ಹೋಯಿತು, ಅಥವಾ ಬಾನೆಟ್ ಸಂದಿಯಿಂದ ಆವಿ ಬಂತು ಅಂದರೆ ಎಂಜಿನ್ ಆಫ್ ಮಾಡಿ. "ಮುಂದಿನ ತಿರುವಿನವರೆಗೆ" ಅನ್ನುವ ಲೆಕ್ಕ ಬೇಡ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗುವುದು ಆ ಒಂದು ತಿರುವಿನಲ್ಲೇ. ಆವಿ ಇಲ್ಲದಿದ್ದರೆ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಫ್ಯಾನ್ ಚೆನ್ನಾಗಿದ್ದರೆ ಅದು ತಿರುಗಿ ತಣ್ಣಗೆ ಮಾಡುತ್ತದೆ.

ಇನ್ನು ಎಚ್ಚರಿಕೆಗಳು. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ತೆಗೆದ ಕ್ಷಣ ಒಳಗಿನ ಒತ್ತಡ ಬಿಟ್ಟು ಹೋಗಿ ಕುದಿಯುವ ನೀರು ಮುಖಕ್ಕೆ, ಎದೆಗೆ ಎರಚುತ್ತದೆ. ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಬಿಡಿ. ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆಯಿಂದ ಹಿಂಡಿ ನೋಡಿ. ಗಟ್ಟಿ ಇದ್ದರೆ ಇನ್ನೂ ಕಾಯಿರಿ. ಮೆತ್ತಗಾದ ಮೇಲೂ ಬಟ್ಟೆ ಹಿಡಿದು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಉಳಿದ ಗಾಳಿ ಹೋದ ಮೇಲೆ ಪೂರ್ತಿ ತೆಗೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ಇದ್ದಕ್ಕಿದ್ದಂತೆ ತಿರುಗಬಹುದು. ಹೆಗಲ ಮೇಲಿನ ಟವೆಲ್, ದುಪಟ್ಟಾ, ಪಂಚೆ ತುದಿ ಎಲ್ಲ ದೂರ ಇರಲಿ. ಫ್ಯಾನಿನ ಹತ್ತಿರ ಕೈ ಹಾಕಬೇಕಾದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಕೈ ಹಾಕಿ.

ಬಾಟಲಿಯಲ್ಲಿ ಕೂಲಂಟ್ ಕಡಿಮೆ ಇದೆ

ಕೂಲಂಟ್ ಅಂದರೆ ಎಂಜಿನ್ ತಣ್ಣಗಿಡಲು ರೇಡಿಯೇಟರಿನಲ್ಲಿ ಸುತ್ತುವ ದ್ರವ, ಬಾಟಲಿ ಅಂದರೆ ಅದರ ಹೆಚ್ಚುವರಿ ನಿಲ್ಲುವ ಪ್ಲಾಸ್ಟಿಕ್ ಡಬ್ಬಿ. ಖರ್ಚಿಲ್ಲದ ಪರೀಕ್ಷೆ ಇದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ನೋಡಿ. ಬಾಟಲಿಯ ಎರಡು ಗೆರೆಗಳ ಮಧ್ಯೆ ಮಟ್ಟ ಇರಬೇಕು. ಬಾಟಲಿ ನೋಡಿ ಸುಮ್ನೆ ಸಮಾಧಾನಪಡಬೇಡಿ, ರೇಡಿಯೇಟರ್ ಮುಚ್ಚಳ ಇರುವ ಗಾಡಿಯಾದರೆ ಅದನ್ನೂ ತೆಗೆದು ನೋಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಅಪರೂಪವೇನಲ್ಲ. ಏಕೆ ಹಾಗಾಗುತ್ತದೆ ಅನ್ನುವುದು ಮುಂದೆ ಮುಚ್ಚಳದ ಮಾತಿನಲ್ಲಿ ಬರುತ್ತದೆ.

ಒಮ್ಮೆ ತುಂಬಿಸಿದ ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಹೋಸ್ ಕ್ಲಾಂಪುಗಳ ಸುತ್ತ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಸೇರುವ ಅಂಚಿನಲ್ಲಿ ಬಿಳಿ ಅಥವಾ ಹಸಿರು ಒಣ ಕಲೆ ಇದ್ದರೆ ಸೋರಿಕೆ ಅಲ್ಲೇ. ಕಾಲಿಡುವ ಕಡೆ ಮ್ಯಾಟು ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ಕೋರ್, ಅಂದರೆ ಅದರೊಳಗಿನ ಆ ಚಿಕ್ಕ ರೇಡಿಯೇಟರ್, ಸೋರುತ್ತಿದೆ.

ದಾರಿಯಲ್ಲಿ ಸಿಕ್ಕಿಕೊಂಡಾಗ ಕುಡಿಯುವ ನೀರು ಹಾಕಿ ಮನೆ ಸೇರಬಹುದು, ತಪ್ಪಿಲ್ಲ. ಆದರೆ ಅದನ್ನೇ ಮುಂದುವರಿಸಬೇಡಿ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ನೋಡಿದ್ದೀರಲ್ವಾ? ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕೂರುತ್ತದೆ. ಕೂಲಂಟ್ ಹಾಗೂ ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ಹಾಕಿ, ಇಲ್ಲವೇ ಬೆರೆಸಿಟ್ಟದ್ದನ್ನೇ ಕೊಳ್ಳಿ. "ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ" ಅನ್ನುವವರು ಬಹಳ. ಹಿಮಕ್ಕಲ್ಲ, ತುಕ್ಕು ತಡೆಯುವುದಕ್ಕೆ ಮತ್ತು ಕುದಿಯುವ ಮಟ್ಟ ಏರಿಸುವುದಕ್ಕೆ ಅದು ಬೇಕು. ಬಣ್ಣ ನೋಡಿ ಕೊಳ್ಳಬೇಡಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯದನ್ನೇ ಹಾಕಿ. ಕೂಲಂಟ್ ವಿಷ, ರುಚಿ ಮಾತ್ರ ಸಿಹಿ. ಮನೆ ನಾಯಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಚೆಲ್ಲಿದ್ದನ್ನು ಚೆನ್ನಾಗಿ ತೊಳೆಯಿರಿ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೇ ಉಪಾಯ ಈಗಲೂ ಬಳಕೆಯಲ್ಲಿದೆ. ಕಾಡಿನ ಮಧ್ಯೆ ಬೇರೆ ದಾರಿಯೇ ಇಲ್ಲದಿದ್ದರೆ ಸರಿ. ಆ ಪುಡಿ ತೂತನ್ನು ಮಾತ್ರ ಮುಚ್ಚುವುದಿಲ್ಲ, ಹೀಟರ್ ಕೋರನ್ನೂ ಮುಚ್ಚುತ್ತದೆ. ಮನೆ ಸೇರಿದ ಮೇಲೆ ಫ್ಲಶ್ ಮಾಡಿಸಲೇಬೇಕು.

ನಿಂತಾಗ ಬಿಸಿ, ಓಡಿಸಿದರೆ ತಣ್ಣಗೆ, ಫ್ಯಾನ್ ಸದ್ದೇ ಇಲ್ಲ

ನಿಂತಾಗ ಹೀಟ್ ಆಗುವ ಗಾಡಿಗಳಲ್ಲಿ ಜಾಸ್ತಿ ಸಿಗುವ ಕಾರಣ ಇದೇ. ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಎಸಿ ಕಂಪ್ರೆಸರ್ ಹಿಡಿದ ಕೂಡಲೇ ಅಥವಾ ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ಎಸಿ ಹಾಕಿದಾಗ ತಿರುಗುತ್ತದೆ, ಬರೀ ಎಂಜಿನ್ ಬಿಸಿಗೆ ತಿರುಗುವುದಿಲ್ಲ ಅಂದರೆ ಮೋಟಾರ್ ಬದುಕಿದೆ. ಬಿಸಿಯ ಸುದ್ದಿ ಅದಕ್ಕೆ ಮುಟ್ಟುತ್ತಿಲ್ಲ. ಎರಡು ಫ್ಯಾನ್ ಇರುವ ಗಾಡಿಯಾದರೆ ಯಾವುದು ತಿರುಗುತ್ತಿದೆ ಎಂದು ಬಗ್ಗಿ ನೋಡಿ, ಒಂದು ಎಸಿಗೆ, ಇನ್ನೊಂದು ರೇಡಿಯೇಟರಿಗೆ ಇರಬಹುದು.

ಎಸಿಗೂ ತಿರುಗದಿದ್ದರೆ ಫ್ಯೂಸ್ ನೋಡಿ. ಬಾನೆಟ್ ಒಳಗಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಭಾಗದಲ್ಲೇ ಚಿತ್ರ ಇರುತ್ತದೆ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ಮತ್ತೆ ಸುಟ್ಟರೆ ಅಲ್ಲಿಗೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕುವುದು, ತಾಮ್ರದ ತಂತಿ ಸುತ್ತುವುದು ಮಾಡಿದರೆ ವೈರಿಂಗ್‌ಗೆ ಬೆಂಕಿ ಹತ್ತುತ್ತದೆ.

ಫ್ಯೂಸ್ ಚೆನ್ನಾಗಿದೆಯಾ? ಹಾಗಾದರೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಚಿಕ್ಕ ಪೆಟ್ಟಿಗೆಯಂಥ ಸ್ವಿಚ್ಚು. ಅದೇ ಪೆಟ್ಟಿಗೆಯಲ್ಲಿ ಹಾರ್ನಿಗೋ ಮತ್ತೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಕೀ ಆಫ್ ಮಾಡಿ ಅದಲು ಬದಲು ಮಾಡಿ ನೋಡಿ. ಫ್ಯಾನ್ ತಿರುಗಿ ಹಾರ್ನ್ ಸತ್ತರೆ ದೋಷ ಸಿಕ್ಕಿತು. ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ, ಆದರೂ ಇದನ್ನು ಮಾಡದೆ ರೇಡಿಯೇಟರ್ ಬಿಚ್ಚುವವರೇ ಹೆಚ್ಚು.

ಮುಂದಿನದು ಮೋಟಾರ್. ಕೀ ಆಫ್, ಬ್ಯಾಟರಿ ನೆಗೆಟಿವ್ ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಬೇರಿಂಗ್ ಹಿಡಿದಿದೆ. ಸಲೀಸಾಗಿದ್ದರೆ ಬ್ಯಾಟರಿ ಮತ್ತೆ ಜೋಡಿಸಿ, ಎಸಿ ಹಾಕಿಸಿ, ಮೋಟಾರಿನ ಹಿಂಭಾಗಕ್ಕೆ ಉದ್ದನೆಯ ಮರದ ಕೋಲಿನಿಂದ ಮೆಲ್ಲಗೆ ತಟ್ಟಿ. ಆಗ ತಿರುಗಲು ಶುರು ಮಾಡಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಇವತ್ತು ತಿರುಗಿದ್ದು ನಾಳೆ ತಿರುಗುವುದಿಲ್ಲ, ಮೋಟಾರ್ ಬದಲಾಯಿಸಿ. ಬ್ಯಾಟರಿಯಿಂದ ಮೋಟಾರಿಗೆ ನೇರ ವೈರ್ ಕೊಟ್ಟು ನೋಡುವುದೂ ಉಂಟು, ಅದನ್ನು ಫ್ಯೂಸ್ ಸೇರಿಸಿದ ವೈರಿನಲ್ಲಿ, ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮೋಟಾರ್ ಸರಿ, ರಿಲೇ ಸರಿ ಅಂದರೆ ಟೆಂಪರೇಚರ್ ಸೆನ್ಸರ್ ಮತ್ತು ಅದರ ವೈರು ಉಳಿಯುತ್ತವೆ. ಇಂಜೆಕ್ಷನ್ ಇರುವ ಬಹಳಷ್ಟು ಕಾರುಗಳಲ್ಲಿ ಈ ಸೆನ್ಸರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಿತ್ತರೆ ಕಂಪ್ಯೂಟರ್ ಗಾಬರಿಯಾಗಿ ಫ್ಯಾನನ್ನು ತಾನೇ ಓಡಿಸುತ್ತದೆ. ಕಿತ್ತಾಗ ಫ್ಯಾನ್ ತಿರುಗಿದರೆ ಫ್ಯಾನಿನ ಕಡೆಯ ವೈರಿಂಗ್ ಎಲ್ಲ ಸರಿ, ಸೆನ್ಸರ್ ಮೇಲೆ ಅನುಮಾನ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಹೆದರಬೇಡಿ. ವೈರನ್ನು ಪೂರ್ತಿ ಉದ್ದಕ್ಕೆ ನೋಡಿ. ತೋಟದ ಮನೆಯಲ್ಲಿ, ಗೊಬ್ಬರದ ಶೆಡ್ ಪಕ್ಕದಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಇಲಿ ಕಡಿದ ವೈರ್ ಬಹಳ ಸಾಮಾನ್ಯ. ಮಳೆಗಾಲ ಮುಗಿದ ಮೇಲೆ ಕಪ್ಲರ್ ಒಳಗೆ ಹಸಿರು ಕಿಲುಬು ಕಟ್ಟಿರುವುದೂ ಹಾಗೆಯೇ.

ಹಳೇ ಜೀಪು ಮತ್ತು ಕೆಲವು ದೊಡ್ಡ ಡೀಸೆಲ್ ಗಾಡಿಗಳಲ್ಲಿ ಫ್ಯಾನ್ ಎಂಜಿನ್ನಿಗೇ ಜೋಡಿಸಿರುತ್ತದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್. ಎಂಜಿನ್ ಕಾದಿರುವಾಗ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ಫ್ಯಾನ್ ತಿರುಗಿಸಿ ನೋಡಿ. ಬಿಗಿಯಾಗಿ ತಡೆ ಸಿಗಬೇಕು. ಸುಮ್ಮನೆ ಗಿರಗಿರ ತಿರುಗಿದರೆ, ಅಥವಾ ಕ್ಲಚ್ ಸುತ್ತ ಎಣ್ಣೆ ಜಿನುಗಿದ್ದರೆ ಅದು ಮುಗಿಯಿತು. ಬೆಲ್ಟ್ ಸಡಿಲ ಇದೆಯಾ ಎಂದೂ ಅದೇ ಉಸಿರಿನಲ್ಲಿ ನೋಡಿ.

ಫ್ಯಾನ್ ತಿರುಗುತ್ತಿದೆ, ಆದರೂ ಬಿಸಿ

ಒಂದು ಹಾಳೆ ಪೇಪರನ್ನು ಗ್ರಿಲ್ ಎದುರು ಹಿಡಿಯಿರಿ. ಫ್ಯಾನ್ ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹೊರಕ್ಕೆ ತಳ್ಳಿದರೆ ಮೋಟಾರ್ ಉಲ್ಟಾ ತಿರುಗುತ್ತಿದೆ. ರಿಪೇರಿಯಲ್ಲಿ ವೈರ್ ಅದಲು ಬದಲಾದರೆ ಹೀಗಾಗುತ್ತದೆ. ಎಳೆತವೇ ಇಲ್ಲ ಅಂದರೆ ರೆಕ್ಕೆ ಮುರಿದಿದೆಯೋ, ನಿಧಾನ ತಿರುಗುತ್ತಿದೆಯೋ, ಗಾಳಿಯ ದಾರಿ ಮುಚ್ಚಿದೆಯೋ ನೋಡಿ. ಎರಡು ವೇಗದ ಫ್ಯಾನಾದರೆ ದೊಡ್ಡ ವೇಗದ ರಿಲೇಯೋ ಚಿಕ್ಕ ವೇಗದ ರೆಸಿಸ್ಟರೋ ಹೋಗಿರಬಹುದು.

ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚ ಇದೆಯಾ? ಮುಂಭಾಗ ಗುದ್ದಿ ರಿಪೇರಿಯಾದ ಗಾಡಿಗಳಲ್ಲಿ ಅದು ಎಷ್ಟೋ ಸಲ ಮಾಯವಾಗಿರುತ್ತದೆ. "ಅದಿಲ್ದಿದ್ರೂ ನಡೆಯುತ್ತೆ ಸಾರ್" ಅಂತಾರೆ. ನಡೆಯುತ್ತದೆ, ಓಡುವಾಗ. ನಿಂತಾಗ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಎಂಜಿನ್ ಕಡೆಯ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಗಾಳಿ ದಾರಿಯ ವಿಷಯಕ್ಕೆ ಬಂದರೆ, ಮಲೆನಾಡಿನ ಗಾಡಿಗೆ ಕೆಸರೇ ದೊಡ್ಡ ಶತ್ರು. ಎಸಿಯ ಬಿಸಿ ಹೊರಹಾಕುವ ಜಾಲರಿ ಕಂಡೆನ್ಸರ್ ಮುಂದೆ, ಅದರ ಹಿಂದೆ ರೇಡಿಯೇಟರ್. ಎರಡರ ಮಧ್ಯದ ಸಂದಿಯಲ್ಲಿ ತೋಟದ ರಸ್ತೆಯ ಕೆಂಪು ಮಣ್ಣು, ಹುಲ್ಲಿನ ಬೀಜ, ಎಲೆಚೂರು, ರಾತ್ರಿ ಬಡಿದ ಹುಳ ಎಲ್ಲ ಸೇರಿ ಒಣಗಿ ಗೋಡೆ ಕಟ್ಟುತ್ತದೆ. ಮುಂದಿನಿಂದ ನೋಡಿದರೆ ಫಳಫಳ, ಒಳಗೆ ಉಸಿರೇ ಇಲ್ಲ. ಟಾರ್ಚ್ ಹಿಡಿದು ಒಂದು ಕಡೆಯಿಂದ ಬೆಳಕು ಬಿಡಿ, ಇನ್ನೊಂದು ಕಡೆ ಕಾಣದಿದ್ದರೆ ತೊಳೆಯುವ ಕೆಲಸ ಇದೆ. ಎಂಜಿನ್ ತಣ್ಣಗಾದ ಮೇಲೆ, ಸಾಧಾರಣ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಎಲೆಕ್ಟ್ರಿಕ್ ಕಪ್ಲರುಗಳಿಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ವಾಟರ್ ಸರ್ವಿಸ್‌ನ ಗನ್ನನ್ನು ಹತ್ತಿರ ಹಿಡಿದರೆ ಅಲ್ಯೂಮಿನಿಯಂ ಎಲೆಗಳು ಮಡಚಿ ಇರುವ ದಾರಿಯೂ ಮುಚ್ಚುತ್ತದೆ.

ಎಸಿ ಹಾಕಿದಾಗ ಮಾತ್ರ ಬಿಸಿಯಾಗುವುದೂ ಬಹುಪಾಲು ಇದೇ ಕಾರಣಕ್ಕೆ. ಕಂಡೆನ್ಸರಿನ ಬಿಸಿ ನೇರ ರೇಡಿಯೇಟರ್ ಮೇಲೆ ಬೀಳುತ್ತದೆ, ಎಂಜಿನ್ನಿಗೆ ಭಾರವೂ ಜಾಸ್ತಿ. ಆಗ ಫ್ಯಾನಿನ ಸಣ್ಣ ಕೊರತೆಯೂ ಎದ್ದು ಕಾಣುತ್ತದೆ.

ಕುದಿದು ಬಾಟಲಿಗೆ ಉಕ್ಕುತ್ತದೆ

ಮುಚ್ಚಳವನ್ನು ನೋಡಿ. ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡದವರೆಗೆ ನೀರನ್ನು ಕುದಿಯದಂತೆ ಹಿಡಿದಿಡುತ್ತದೆ. ಒತ್ತಡ ಇದ್ದರೆ ಬರೀ ನೀರು ಕೂಡ 115 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕುದಿಯುವುದಿಲ್ಲ.

ಇಲ್ಲಿ ನಮ್ಮ ಜಿಲ್ಲೆಗಳ ಎತ್ತರ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಪ್ರತಿ 300 ಮೀಟರ್ ಏರಿಕೆಗೆ ಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಹೆಚ್ಚು ಕಡಿಮೆ ಸಾವಿರ ಮೀಟರ್ ಎತ್ತರದಲ್ಲಿವೆ. ಇಲ್ಲಿ ಮುಚ್ಚಳ ಹಿಡಿಯದ ರೇಡಿಯೇಟರಿನ ಬರೀ ನೀರು 97 ಡಿಗ್ರಿಯ ಹತ್ತಿರ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯ ಹತ್ತಿರ ಹೋದರೆ 94 ಡಿಗ್ರಿಗೇ ಕುದಿ ಬರುತ್ತದೆ. ಎಷ್ಟೋ ಕಾರುಗಳ ಫ್ಯಾನ್ ಶುರುವಾಗುವುದೇ 95ರ ಮೇಲೆ. ಅಂದರೆ ಫ್ಯಾನ್ ಏಳುವ ಮೊದಲೇ ನೀರು ಕುದಿದು ಬಾಟಲಿಗೆ ಹೋಗಿರುತ್ತದೆ. ಮಂಗಳೂರಿನಲ್ಲಿ ಸುಮ್ಮನಿದ್ದ ಗಾಡಿ ಬೆಟ್ಟದ ಮೇಲೆ ರಂಪ ಮಾಡಲು ಇದೂ ಒಂದು ಕಾರಣ. ಅಲ್ಲಿ ಗಾಳಿಯೂ ತೆಳು, ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಕಡಿಮೆ ಬಿಸಿ ಹೊರಹಾಕುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಮುಚ್ಚಳದ ಕೆಳಗಿನ ಚಿಕ್ಕ ವಾಲ್ವ್ ಎಳೆದರೆ ತೆರೆದು, ಕೈ ಬಿಟ್ಟರೆ ಮುಚ್ಚಿಕೊಳ್ಳಬೇಕು. ತಣ್ಣಗಾಗುವಾಗ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆಯುವುದು ಅದೇ. ಅದು ಅಂಟಿಕೊಂಡರೆ ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತದೆ, ಬೆಳಿಗ್ಗೆ ನೋಡಿದರೆ ಹೋಸ್ ಪೈಪು ಒಳಕ್ಕೆ ಚಪ್ಪಟೆಯಾಗಿರುತ್ತದೆ. ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲೆ ಬರೆದ ಅಂಕೆಯನ್ನೇ ಕೇಳಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೇ ಹೋಸ್ ಒಡೆಯುತ್ತದೆ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲ, ಬಾಟಲಿಯ ಮುಚ್ಚಳವೇ ಈ ಕೆಲಸ ಮಾಡುತ್ತದೆ. ಅದನ್ನೂ ಬಿಸಿಯಲ್ಲಿ ತೆಗೆಯಬಾರದು.

ನಿಂತಾಗ ಹೀಟರಿನಿಂದ ತಣ್ಣನೆ ಗಾಳಿ

ಮುಳ್ಳು ಮೇಲಿದೆ, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ, ಎಕ್ಸಿಲರೇಟರ್ ಒತ್ತಿದರೆ ಬಿಸಿ ಗಾಳಿ. ಇದರ ಅರ್ಥ ಐಡ್ಲಿಂಗ್‌ನಲ್ಲಿ (ಎಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ನೀರು ಸುತ್ತುತ್ತಿಲ್ಲ. ಮೊದಲ ಅನುಮಾನ ಕೂಲಂಟ್ ಕಡಿಮೆ, ಎರಡನೆಯದು ಒಳಗೆ ಗಾಳಿ ಸಿಕ್ಕಿಕೊಂಡಿದೆ, ಮೂರನೆಯದು ವಾಟರ್ ಪಂಪ್. ಕೂಲಂಟ್ ಬದಲಾಯಿಸಿದ ಮರುದಿನವೇ ಶುರುವಾಗಿದ್ದರೆ ಗಾಳಿಯೇ. ಗಾಡಿಯ ಮೂತಿಯನ್ನು ಏರು ಜಾಗಕ್ಕೆ ನಿಲ್ಲಿಸಿ, ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರ್ ಬಿಸಿಗಿಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದ ಹಾಗೆ ತುಂಬಿಸುತ್ತಾ ಹೋಗಿ, ಬಿಸಿಯಾಗಿ ಉಕ್ಕುವ ಮೊದಲೇ ಮುಚ್ಚಿ. ಗಾಳಿ ಬಿಡುವ ಸ್ಕ್ರೂ ಇರುವ ಗಾಡಿಯಾದರೆ ಪುಸ್ತಕ ನೋಡಿ ಅಲ್ಲಿಂದ ಬಿಡಿ.

ಪಂಪಿನ ಒಳಗಿನ ರೆಕ್ಕೆ ಸವೆದಿರಬಹುದು, ಬೆಲ್ಟ್ ಜಾರುತ್ತಿರಬಹುದು. ಪಂಪಿನಿಂದ ಕಿರಗುಟ್ಟುವ ಸದ್ದು ಬಂದರೆ, ರಾಟೆ ಅಲ್ಲಾಡಿದರೆ ತಡ ಮಾಡಬೇಡಿ. ಟೈಮಿಂಗ್ ಬೆಲ್ಟಿನಿಂದ ಓಡುವ ಪಂಪು ಸಿಕ್ಕಿಹಾಕಿಕೊಂಡರೆ ಎಂಜಿನ್ನೇ ಹೋಗಬಹುದು. ಇದು ಮನೆಯಂಗಳದ ಕೆಲಸವಲ್ಲ.

ಮೇಲಿನ ಪೈಪು ಸುಡುತ್ತದೆ, ಕೆಳಗಿನದ್ದು ತಣ್ಣಗೆ

ಥರ್ಮೋಸ್ಟಾಟ್ ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿದೆ. ಇಂಥ ಗಾಡಿ ನಿಂತಾಗ ಮಾತ್ರವಲ್ಲ, ಏರಿನಲ್ಲೂ ಬಿಸಿಯಾಗುತ್ತದೆ. ಬಿಚ್ಚಿದ ವಾಲ್ವನ್ನು ಬಾಣಲೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿಯಲ್ಲಿ, ಹೆಚ್ಚಾಗಿ 82ರಿಂದ 88ರಲ್ಲಿ, ಬಾಯಿ ತೆರೆಯಲು ಶುರು ಮಾಡಬೇಕು. ಆ ಬಾಣಲೆಯನ್ನು ಅಡುಗೆಮನೆಗೆ ಮತ್ತೆ ಒಯ್ಯಬೇಡಿ.

ಕೆಟ್ಟಿದ್ದರೆ ಹೊಸದು ಹಾಕಿಸಿ. ತೆಗೆದು ಬಿಸಾಡಿ ಹಾಗೇ ಓಡಿಸುವುದಕ್ಕೆ ನಾನು ಒಪ್ಪುವುದಿಲ್ಲ. ಸಕಲೇಶಪುರ, ಮೂಡಿಗೆರೆಯ ಚಳಿಗೆ ಎಂಜಿನ್ ಬಿಸಿಯೇ ಏರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯಲ್ಲೇ ಸುತ್ತಿ ಇನ್ನೂ ಬಿಸಿಯಾಗುತ್ತದೆ. ಫ್ಯಾನಿನ ದೋಷಕ್ಕಂತೂ ಇದು ಮದ್ದೇ ಅಲ್ಲ.

ಇಲ್ಲಿಗೆ ನಿಲ್ಲಿಸಿ ಎನ್ನುವ ಲಕ್ಷಣಗಳು

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಬಾಟಲಿಯಲ್ಲಿ ಬಿಡದೆ ಗುಳ್ಳೆ, ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ. ಇವು ಹೆಡ್ ಗ್ಯಾಸ್ಕೆಟಿನ ಸೂಚನೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಇದ್ದರೆ ಚಳಿಗಾಲದಲ್ಲಿ ಚಿಕ್ಕ ಓಡಾಟದ ಗಾಡಿಗಳಲ್ಲಿ ಅದು ಬರೀ ತೇವ ಇರಬಹುದು, ಕಡ್ಡಿ ನೋಡಿ ನಿರ್ಧರಿಸಿ. ಕಡ್ಡಿಯಲ್ಲೂ ಇದ್ದರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಹೆಡ್ ಬಿಚ್ಚಲು ಒಪ್ಪುವ ಮೊದಲು, ಕೂಲಂಟಿನಲ್ಲಿ ಎಕ್ಸಾಸ್ಟ್ ಗ್ಯಾಸ್ ಇದೆಯಾ ಎಂದು ನೀಲಿ ದ್ರವದ ಪರೀಕ್ಷೆ ಮಾಡಿಸಿ. ಗ್ಯಾಸ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ.

ಮುಳ್ಳೇ ಸುಳ್ಳು ಹೇಳುತ್ತಿದ್ದರೆ?

ಮುಳ್ಳು ಕೆಂಪಿನಲ್ಲಿದೆ, ಹೋಸ್ ಮೆತ್ತಗಿದೆ, ವಾಸನೆ ಇಲ್ಲ, ಕುದಿಯುವ ಸದ್ದಿಲ್ಲ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಿಗಿಯುತ್ತದೆ. ಆಗ ಸೆನ್ಸರೋ ಅರ್ಥ್ ವೈರೋ ಕೆಟ್ಟಿರಬಹುದು. ಮುಳ್ಳೇ ಇಲ್ಲದೆ ಬರೀ ಕೆಂಪು ದೀಪ ಇರುವ ಕಾರುಗಳೂ ಇವೆ, ಅವು ಹೇಳುವಷ್ಟರಲ್ಲಿ ತಡವಾಗಿರುತ್ತದೆ. ಇಂಥ ಗಾಡಿಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದಿ ಮೊಬೈಲಿನಲ್ಲಿ ತೋರಿಸುವ ಒಬಿಡಿ ರೀಡರ್ ಒಳ್ಳೇ ಖರ್ಚು. ಡಿಗ್ರಿ ಅಂಕೆಯಲ್ಲೇ ಕಾಣುತ್ತದೆ. ಆದರೆ ಅದೂ ಅದೇ ಸೆನ್ಸರಿನ ಮಾತನ್ನೇ ಹೇಳುವುದು, ಅನುಮಾನವಿದ್ದರೆ ಹೋಸನ್ನೇ ನಂಬಿ. ಮುಳ್ಳು ಇದ್ದಕ್ಕಿದ್ದಂತೆ ತಣ್ಣಗಿನ ಕಡೆಗೆ ಬಿದ್ದರೂ ಖುಷಿಪಡಬೇಡಿ. ಕೂಲಂಟ್ ಪೂರ್ತಿ ಖಾಲಿಯಾಗಿ ಸೆನ್ಸರಿಗೆ ನೀರೇ ತಾಗದಿದ್ದಾಗಲೂ ಹೀಗಾಗುತ್ತದೆ.

ರಿಪೇರಿಯಾದ ಮೇಲೆ ದುಡ್ಡು ಕೊಡುವ ಮೊದಲು ಗ್ಯಾರೇಜಿನ ಅಂಗಳದಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲು ಎಸಿ ಆಫ್ ಇಟ್ಟು ಐಡ್ಲಿಂಗ್‌ನಲ್ಲಿ ಬಿಡಿ. ಫ್ಯಾನ್ ತಾನೇ ಶುರುವಾಗಬೇಕು, ತಾನೇ ನಿಲ್ಲಬೇಕು, ಮತ್ತೆ ಶುರುವಾಗಬೇಕು. ಹೀಗೆ ಎರಡು ಮೂರು ಸುತ್ತು ಮುಳ್ಳು ಕದಲದೆ ನಿಂತರೆ ಎಸಿ ಹಾಕಿ ಇನ್ನೊಂದು ಇಪ್ಪತ್ತು ನಿಮಿಷ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ, ಇಳಿದಿದ್ದರೆ ಅದೇ ಗ್ಯಾರೇಜಿಗೆ ವಾಪಸ್ ಒಯ್ಯಿರಿ.